‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ಕೇಳಿದರೆ ಅಪಾಯ ಹೆಚ್ಚುತ್ತದೆಯೇ? ಇಲ್ಲಿದೆ ವಾಸ್ತವ

ತುರ್ತು ಇದ್ದರೆ ಮೊದಲು ಇದನ್ನು ಓದಿ: ಟೆಲಿ ಮಾನಸ್ ಸಹಾಯವಾಣಿ 14416 ಅಥವಾ 1800-891-4416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಈಗಲೇ ಅಪಾಯವಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ. ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ.

ಪರಿಚಯದ ಯಾರಾದರೂ ಆತ್ಮಹತ್ಯೆಯಿಂದ ತೀರಿಹೋದ ಸುದ್ದಿ ಬಂದರೆ, ಅದರ ಹಿಂದೆಯೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬುದ್ಧಿಮಾತುಗಳು ಬರುತ್ತವೆ. ಅವುಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕಾಣುತ್ತವೆ. ಮೂರೂ ತಪ್ಪು. ಮಾತ್ರವಲ್ಲ, ನೆರವು ಬೇಕಾದವರಿಂದ ನಮ್ಮನ್ನು ದೂರ ಇಡುತ್ತವೆ.

ಹೇಳಿಕೆ 1: ‘ಆ ವಿಷಯ ಕೇಳಬೇಡಿ, ಇಲ್ಲದ ಯೋಚನೆ ತಲೆಗೆ ಬರುತ್ತದೆ’

ತಪ್ಪು. ಈ ಪ್ರಶ್ನೆಯ ಮೇಲೆ ನಡೆದ 13 ಅಧ್ಯಯನಗಳ ವಿಮರ್ಶೆಯೊಂದು 2014ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಬಗ್ಗೆ ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಾಗಿದ್ದು ಯಾವುದರಲ್ಲೂ ಗಮನಾರ್ಹವಾಗಿ ಕಂಡುಬರಲಿಲ್ಲ. ಕೇಳಿದಾಗ ಮನಸ್ಸು ಹಗುರಾಗುವ ಸಾಧ್ಯತೆಯೇ ಇದೆ ಎಂದು ವಿಮರ್ಶೆ ಹೇಳಿತು. ಕಾರಣ ಸರಳ. ಈ ಯೋಚನೆ ಇರುವವರು ಅದನ್ನು ಒಬ್ಬರೇ ಹೊತ್ತುಕೊಂಡಿರುತ್ತಾರೆ. ನೀವು ಕೇಳಿದಾಗ, ಹೇಳಿಕೊಳ್ಳಲು ಒಬ್ಬರಿದ್ದಾರೆ ಎಂದು ಗೊತ್ತಾಗುತ್ತದೆ.

ಹೇಗೆ ಕೇಳುವುದು? ಮನೆಮಾತಿನಲ್ಲೇ ಕೇಳಿ: ‘ಯಾಕೋ ಭಾಳ ಸಪ್ಪಗ ಆಗೀದಿ. ಸಾಯೋ ವಿಚಾರ ಏನರ ಬರಾಕತ್ತೈತೇನು?’ ‘ಅಂಥಾದ್ದೇನೂ ಇಲ್ಲಲ್ಲ?’ ಎಂದು ಮಾತ್ರ ಕೇಳಬೇಡಿ. ಅದಕ್ಕೆ ‘ಇಲ್ಲ’ ಎಂಬ ಉತ್ತರವನ್ನು ನೀವೇ ಕೊಟ್ಟಂತಾಗುತ್ತದೆ.

ಹೇಳಿಕೆ 2: ‘ಬಾಯಿ ಬಿಟ್ಟು ಹೇಳುವವರು ಏನೂ ಮಾಡಿಕೊಳ್ಳುವುದಿಲ್ಲ’

ತಪ್ಪು. ‘ನಾನು ಇದ್ದು ಯಾರಿಗೇನು’, ‘ಇನ್ನು ಸಾಕಾಗೈತಿ’ ಎಂಬ ಮಾತುಗಳು ನಾಟಕವಲ್ಲ, ಎಚ್ಚರಿಕೆಯ ಗಂಟೆ. ನಿದ್ದೆ ಬಿಡುವುದು, ಜನರನ್ನು ತಪ್ಪಿಸುವುದು, ಕುಡಿತ ಹೆಚ್ಚಾಗುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಬೀಳ್ಕೊಡುವಂತೆ ಮಾತಾಡುವುದು ಕೂಡ ಹಾಗೆಯೇ. ಹಿಂದೆ ಒಮ್ಮೆ ಪ್ರಯತ್ನಿಸಿದವರ ಮೇಲೆ ಹೆಚ್ಚು ಗಮನ ಬೇಕು.

ಹೇಳಿಕೆ 3: ‘ಆಸ್ಪತ್ರೆಗೆ ಒಯ್ದರೆ ಪೊಲೀಸ್ ಕೇಸ್ ಆಗಿ ಜೈಲಾಗುತ್ತದೆ’

ಇದು ಹಳೆಯ ಭಯ. ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಲ್ಲಿ ಶಿಕ್ಷೆ ಇತ್ತು, ನಿಜ. ಆದರೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು, ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದಾರೆ ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದೂ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಮಾಡುವ ಪ್ರಯತ್ನ ಮಾತ್ರ ಅಪರಾಧ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು. ಅದಕ್ಕೆ ಹೆದರಿ ಒಂದು ನಿಮಿಷವೂ ತಡಮಾಡಬೇಡಿ.

ಕೇಳಿದೆವು, ‘ಹೌದು’ ಎಂದರು. ಮುಂದೇನು?

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನಲ್ಲಿ ಮನೋವೈದ್ಯರು ಪಕ್ಕದ ಓಣಿಯಲ್ಲಿ ಸಿಗುವುದಿಲ್ಲ. ಆದರೂ ದಾರಿಗಳಿವೆ.

1. ಜೊತೆಗೆ ಕೂಡಿ, ಕೇಳಿಸಿಕೊಳ್ಳಿ. ‘ಮಕ್ಕಳ ಮುಖ ನೋಡು’, ‘ಹೇಡಿಯಂಗ ಮಾತಾಡಬ್ಯಾಡ’ ಎನ್ನಬೇಡಿ. ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ.
2. ಅಪಾಯದ ವಸ್ತುಗಳನ್ನು ದೂರ ಮಾಡಿ. ತೀವ್ರ ಹಂಬಲ ಬಹಳ ಜನರಲ್ಲಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆ ಹೊತ್ತು ದಾಟುವುದು ಮುಖ್ಯ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲೇ ಬೀಗ ಹಾಕಿಟ್ಟರೆ ಸಾಲದು, ಕೀಲಿ ಎಲ್ಲಿದೆ ಎಂದು ಮನೆಯವರಿಗೆ ಗೊತ್ತಿರುತ್ತದೆ. ಸದ್ಯಕ್ಕೆ ನಂಬಿಕಸ್ತರ ಬಳಿ, ಬೇರೆ ಕಡೆ ಇಡಿಸಿ.
3. ಪಕ್ಕದಲ್ಲಿ ಕೂತೇ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮನೆಯವರು, ಗೆಳೆಯರು ಕೂಡ ಕರೆ ಮಾಡಿ ಸಲಹೆ ಪಡೆಯಬಹುದು.
4. ವೈದ್ಯರ ಬಳಿ ಕರೆದೊಯ್ಯಿರಿ. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಕಲಘಟಗಿಯಲ್ಲಿ ಈ ವಾರ ಯಾವಾಗ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಧಾರವಾಡದಲ್ಲಿ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ಅದನ್ನು ‘ಹುಚ್ಚಾಸ್ಪತ್ರೆ’ ಎಂದು ಕರೆಯುವ ಚಾಳಿಯೇ ಎಷ್ಟೋ ಜನರನ್ನು ಅದರ ಬಾಗಿಲಿಗೆ ಬಾರದಂತೆ ತಡೆಯುತ್ತದೆ. ನಿದ್ದೆ ಬಾರದವರು, ಕುಡಿತ ಬಿಡಬೇಕೆನ್ನುವವರು ಕೂಡ ಅಲ್ಲಿಗೆ ಹೋಗಬಹುದು.
5. ಮತ್ತೆ ಹೋಗಿ ಮಾತಾಡಿಸಿ. ನಾಳೆ, ನಾಡಿದ್ದು, ಮುಂದಿನ ವಾರ. ಒಂದು ಸಲ ಕೇಳಿ ಬಿಟ್ಟರೆ ಕೆಲಸ ಮುಗಿಯಲಿಲ್ಲ.

ಯಾರಾದರೂ ಈಗಾಗಲೇ ಏನಾದರೂ ಸೇವಿಸಿದ್ದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋಗಿ ಅಪಾಯ ಹೆಚ್ಚಾಗಬಹುದು. ಡಬ್ಬಿ ಅಥವಾ ಚೀಟಿಯ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಫಾರ್ವರ್ಡ್ ಮಾಡುವ ಮುನ್ನ

ತೀರಿಹೋದವರ ಫೋಟೊ, ವಿಡಿಯೊ, ಪತ್ರ, ಹೇಗೆ ಸತ್ತರು ಎಂಬ ವಿವರ ಯಾವುದನ್ನೂ ಹಂಚಬೇಡಿ. ಅದೇ ಗುಂಪಿನಲ್ಲಿ ನೊಂದ ಇನ್ನೊಬ್ಬರು ಓದುತ್ತಿರಬಹುದು. ಸಹಾಯವಾಣಿ ಸಂಖ್ಯೆ ಹಂಚುವುದಾದರೆ ಮೊದಲು ಒಮ್ಮೆ ಕರೆ ಮಾಡಿ ಪರೀಕ್ಷಿಸಿ. ಕಷ್ಟದ ಹೊತ್ತಿನಲ್ಲಿ ಡಯಲ್ ಮಾಡಿದ ನಂಬರ್ ಹತ್ತದಿದ್ದರೆ ಇನ್ನೊಂದು ಸಲ ಪ್ರಯತ್ನಿಸುವ ತ್ರಾಣ ಅವರಲ್ಲಿ ಇರಲಿಕ್ಕಿಲ್ಲ.

ನಮ್ಮ ತೀರ್ಮಾನ: ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಈ ಲೇಖನವನ್ನು ನೂರು ಜನರಿಗೆ ಕಳಿಸುವ ಮೊದಲು, ಇದನ್ನು ಓದುವಾಗ ನಿಮಗೆ ಯಾರ ನೆನಪು ಬಂತೋ ಅವರಿಗೆ ಒಂದು ಫೋನ್ ಮಾಡಿ.