‘ಏಂಜಲ್ ಡಸ್ಟ್’: ಗೆದ್ದ ಸೂತ್ರವನ್ನು ಕೈಬಿಟ್ಟ ಆಲ್ಬಮ್

1990ರಲ್ಲಿ ‘ಎಪಿಕ್’ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 9ನೇ ಸ್ಥಾನಕ್ಕೇರಿತು. ಹಾಡಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಫೇತ್ ನೊ ಮೋರ್. ರ‍್ಯಾಪ್ ಧಾಟಿಯ ಹಾಡುಗಾರಿಕೆ, ಮೆಟಲ್ ಗಿಟಾರ್, ಫಂಕ್ ಬೇಸ್ ಮೂರೂ ಕೂಡಿದ ಅಂಥ ಹಾಡುಗಳನ್ನೇ ಮುಂದೆಯೂ ಕೊಟ್ಟಿದ್ದರೆ ಬ್ಯಾಂಡು ನಿಶ್ಚಿಂತೆಯಿಂದ ಇರಬಹುದಿತ್ತು. 1992ರ ಜೂನ್‌ನಲ್ಲಿ ಬಂದ ‘ಏಂಜಲ್ ಡಸ್ಟ್’ ಆ ಸೂತ್ರವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಆ ದಶಕದ ಆಲ್ಟರ್ನೇಟಿವ್ ರಾಕ್‌ನಲ್ಲಿ ಇದಕ್ಕಿಂತ ಎದೆಗಾರಿಕೆಯ ಆಲ್ಬಮ್‌ಗಳು ನನ್ನ ಮಟ್ಟಿಗೆ ತೀರ ಕಡಿಮೆ.

ಬೆರಕೆ ಈ ಬ್ಯಾಂಡಿಗೆ ಹೊಸದೇನಲ್ಲ. ಬೇಸ್ ನುಡಿಸುವ ಬಿಲ್ಲಿ ಗೌಲ್ಡ್, ಡ್ರಮ್ಮಿನ ಮೈಕ್ ಬೋರ್ಡಿನ್, ಕೀಬೋರ್ಡಿನ ರಾಡಿ ಬಾಟಮ್ ಒಂದೊಂದು ರುಚಿಯವರು. ಗಿಟಾರಿನ ಜಿಮ್ ಮಾರ್ಟಿನ್ ಅಪ್ಪಟ ಮೆಟಲ್ ಮನುಷ್ಯ. 1985 ಮತ್ತು 1987ರ ಆಲ್ಬಮ್‌ಗಳಿಗೆ ಚಕ್ ಮೋಸ್ಲಿ ಹಾಡಿದ್ದರು. ಅವರ ಜಾಗಕ್ಕೆ ಮೈಕ್ ಪ್ಯಾಟನ್ ಬರುವ ಹೊತ್ತಿಗೆ ‘ದ ರಿಯಲ್ ಥಿಂಗ್’ನ (1989) ಸಂಗೀತ ಬಹುತೇಕ ಸಿದ್ಧವಾಗಿತ್ತು, ಅವರು ಸಾಹಿತ್ಯ ಬರೆದು ಹಾಡಿದರು. ಸಂಗೀತ ಕಟ್ಟುವ ಕೆಲಸದಲ್ಲಿ ಮೊದಲಿನಿಂದಲೂ ಅವರು ಕೈಜೋಡಿಸಿದ್ದು ‘ಏಂಜಲ್ ಡಸ್ಟ್’ನಲ್ಲೇ. ಹಿಂದಿನ ಆಲ್ಬಮ್‌ನ ಮೂಗಿನ ದನಿ ಹಿಂದೆ ಸರಿದು ಪಿಸುಮಾತು, ಆಳದ ಗುನುಗು, ಕಿರುಚಾಟ ಎಲ್ಲವೂ ಅಲ್ಲಿ ಮುಂದೆ ಬಂದವು.

ಕೇಳುತ್ತ ಹೋದರೆ ಈ ಆಲ್ಬಮ್ ಎಲ್ಲೂ ನೆಲೆ ನಿಲ್ಲಗೊಡುವುದಿಲ್ಲ. ‘ಆರ್‌ವಿ’ಯಲ್ಲಿ ಸೋತುಹೋದ ಮಧ್ಯವಯಸ್ಕನೊಬ್ಬ ಪಿಯಾನೊದ ಜೊತೆ ಗೊಣಗುತ್ತಾನೆ. ‘ಬಿ ಅಗ್ರೆಸಿವ್’ನಲ್ಲಿ ಆರ್ಗನ್ನಿನ ಮೇಲೆ ಹುಡುಗಿಯರ ಚಿಯರ್‌ಲೀಡರ್ ಕೂಗು. ‘ಮಾಲ್‌ಪ್ರಾಕ್ಟೀಸ್’ನ ಆರ್ಭಟದ ನಡುವೆ ಶೊಸ್ತಕೋವಿಚ್‌ರ ಎಂಟನೆಯ ಸ್ಟ್ರಿಂಗ್ ಕ್ವಾರ್ಟೆಟ್ಟಿನ ತುಣುಕು ತೂರಿಬರುತ್ತದೆ. ಕಿವಿಗಡಚಿಕ್ಕುವ ಮೆಟಲ್ ಮುಗಿದದ್ದೇ, ಕೊನೆಯಲ್ಲಿ ಜಾನ್ ಬ್ಯಾರಿ ‘ಮಿಡ್‌ನೈಟ್ ಕೌಬಾಯ್’ ಸಿನಿಮಾಕ್ಕೆ ಕೊಟ್ಟ ಮೆಲುರಾಗ. ಇಷ್ಟೆಲ್ಲ ಇದ್ದೂ ಆಲ್ಬಮ್ ಚೆದುರುವುದಿಲ್ಲ. ಬೋರ್ಡಿನ್‌ರ ಭಾರದ ಡ್ರಮ್ಮು, ಬಾಟಮ್‌ರ ತಣ್ಣನೆಯ ಕೀಬೋರ್ಡು ಎಲ್ಲವನ್ನೂ ಒಂದೇ ಹವೆಯಲ್ಲಿ ಹಿಡಿದಿಡುತ್ತವೆ. ಹೊದಿಕೆಯ ಮುಂದೆ ಬೆಳ್ಳಕ್ಕಿ, ಹಿಂದೆ ಕಸಾಯಿಖಾನೆಯಲ್ಲಿ ತೂಗುವ ಮಾಂಸ. ಹಾಡುಗಳ ಒಳಗಿನ ಚೆಲುವು ಮತ್ತು ಕ್ರೌರ್ಯವನ್ನು ಈ ಜೋಡಿ ಚಿತ್ರ ಸರಿಯಾಗಿ ಹಿಡಿದಿದೆ.

ಈ ಎದೆಗಾರಿಕೆಗೆ ಬೆಲೆ ತೆರಬೇಕಾಯಿತು. ಬ್ರಿಟನ್‌ನಲ್ಲಿ 2ನೇ ಸ್ಥಾನಕ್ಕೇರಿದರೂ ಅಮೆರಿಕದಲ್ಲಿ ಆಲ್ಬಮ್ ಹಿಂದಿನದರಷ್ಟು ಮಾರಾಟವಾಗಲಿಲ್ಲ. ಹೊಸ ದಾರಿ ಒಗ್ಗದ ಮಾರ್ಟಿನ್ 1993ರಲ್ಲಿ ಹೊರಬಿದ್ದರು. ಅದೇ ವರ್ಷ ಬ್ರಿಟನ್‌ನಲ್ಲಿ ಗೆದ್ದದ್ದು ಬ್ಯಾಂಡು ಮತ್ತೆ ಹಾಡಿದ, ಕಮೋಡೋರ್ಸ್ ತಂಡದ ‘ಈಜಿ’. ಆ ಸೋಲ್ ಹಾಡನ್ನು ಫೇತ್ ನೊ ಮೋರ್ ಮೂಲದ ಮೃದುತನ ಕೆಡದಂತೆ ಹಾಡಿತ್ತು.

ಮುಂದಿನ ಎರಡು ಆಲ್ಬಮ್‌ಗಳಿಗೆ ಗಿಟಾರಿಗರು ಬದಲಾಗುತ್ತಲೇ ಹೋದರು. 1998ರಲ್ಲಿ ಬ್ಯಾಂಡ್ ಒಡೆಯಿತು, 2009ರಲ್ಲಿ ಮತ್ತೆ ಸೇರಿತು, 2015ರಲ್ಲಿ ‘ಸೋಲ್ ಇನ್‌ವಿಕ್ಟಸ್’ ಬಂತು. ಈ ನಡುವೆ ತಲೆಯೆತ್ತಿದ ನ್ಯೂ ಮೆಟಲ್ ಪೀಳಿಗೆ ಇವರ ಋಣವನ್ನು ಒಪ್ಪಿಕೊಂಡಿದೆ. ಆದರೆ ಆ ಪೀಳಿಗೆ ಹೆಚ್ಚಾಗಿ ಎತ್ತಿಕೊಂಡದ್ದು ‘ಎಪಿಕ್’ನ ರ‍್ಯಾಪ್ ಮತ್ತು ಗಿಟಾರಿನ ಜೋಡಿಯನ್ನು; ‘ಆರ್‌ವಿ’ಯ ಗೊಣಗಾಟದ ಪಕ್ಕದಲ್ಲೇ ಶೊಸ್ತಕೋವಿಚ್‌ರನ್ನು ಕೂರಿಸುವ ಸ್ವಾತಂತ್ರ್ಯ ಬಹುಪಾಲು ‘ಏಂಜಲ್ ಡಸ್ಟ್’ನಲ್ಲೇ ಉಳಿಯಿತು.