ಕಡಲಲ್ಲಿ ಮಡಿದವರ ಹೆಸರುಗಳು

ಎರಡನೇ ಮಹಾಯುದ್ಧದಲ್ಲಿ ಅತಿ ದೀರ್ಘಕಾಲ ನಡೆದ ಕಡಲ ಕದನ ಅಟ್ಲಾಂಟಿಕ್ ಸಾಗರದ್ದು. 1939ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಅದು 1945ರ ಮೇ ತಿಂಗಳವರೆಗೂ ನಿಲ್ಲಲಿಲ್ಲ. ಬ್ರಿಟನ್ನಿಗೆ ಆಹಾರ, ಇಂಧನ ಸಾಗಿಸುವ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಬೇಟೆಯಾಡಿದವು. ಆ ಹಡಗುಗಳಲ್ಲಿ ಸಾವಿರಾರು ಭಾರತೀಯ ಖಲಾಸಿಗಳಿದ್ದರು. ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗ್‌ ಕಡೆಯ ಬಡ ಮುಸ್ಲಿಂ ಮನೆಗಳ ಮಕ್ಕಳು ಅವರಲ್ಲಿ ಬಹಳ ಮಂದಿ. ಬ್ರಿಟಿಷ್ ನಾವಿಕರಿಗಿಂತ ಬಹಳ ಕಡಿಮೆ ಸಂಬಳಕ್ಕೆ ಅವರು ಹಡಗಿನ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದರು. ಟಾರ್ಪಿಡೊ ಬಡಿದರೆ ಅಲ್ಲಿಂದ ಮೇಲೆ ಬರುವುದೇ ಕಷ್ಟ.

1940ರ ಸೆಪ್ಟೆಂಬರ್ 17ರ ರಾತ್ರಿ 'ಸಿಟಿ ಆಫ್ ಬೆನಾರಸ್' ಹಡಗು ಮುಳುಗಿತು. ಬಾಂಬ್ ದಾಳಿಯಿಂದ ಪಾರು ಮಾಡಲೆಂದು ಕೆನಡಾಕ್ಕೆ ಕಳುಹಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ತೀರಿಕೊಂಡರು. ಇಂದಿಗೂ ಆ ಹಡಗನ್ನು ನೆನೆಯುವುದು ಆ ಮಕ್ಕಳ ಹೆಸರಿನಲ್ಲೇ. ಅದು ಸರಿಯೂ ಹೌದು. ಆದರೆ ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಎಂಟು ದಿನ ಕಡಲಲ್ಲಿ ತೇಲಿ ಬದುಕುಳಿದ ದೋಣಿಯೊಂದರಲ್ಲಿ ಆರು ಹುಡುಗರ ಜೊತೆಗಿದ್ದವರಲ್ಲಿಯೂ ಹೆಚ್ಚಿನವರು ಅವರೇ. ಅವರ ಹೆಸರುಗಳನ್ನು ಎಷ್ಟು ಜನ ಬಲ್ಲರು?

ಆ ಯುದ್ಧದಲ್ಲಿ ಕಡಲು ಸೇರಿದ ಭಾರತೀಯ ವಾಣಿಜ್ಯ ನಾವಿಕರು 6,000ಕ್ಕೂ ಹೆಚ್ಚು. ಅವರ ಹೆಸರುಗಳ ಗ್ರಂಥದ ಒಂದು ಪ್ರತಿ ಮುಂಬೈನ ನಾವಿಕರ ಗೃಹದಲ್ಲಿದೆ, ಇನ್ನೊಂದು ಚಿತ್ತಗಾಂಗಿನ ಯುದ್ಧ ಸಮಾಧಿ ಸ್ಥಳದಲ್ಲಿದೆ.

ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಮನುಷ್ಯ ಸಿಗಬೇಕು. ಇಂಗ್ಲಿಷ್ ಗುಮಾಸ್ತನಿಗೆ ನಮ್ಮ ಹೆಸರುಗಳ ರೀತಿ ತಿಳಿಯದು. 'ಅಬ್ದುಲ್' ಎಂದಷ್ಟೇ ಬರೆದರೆ 'ದಾಸ' ಎಂದಾಯಿತು, ಯಾರ ದಾಸ? ರಹ್ಮತುಲ್ಲಾ ಎಂಬುದನ್ನು ಎರಡಾಗಿ ಒಡೆದರೆ 'ಉಲ್ಲಾ' ಮನೆತನದ ಹೆಸರಾಗಿಬಿಡುತ್ತದೆ. ಒಬ್ಬನೇ ಮುಹಮ್ಮದ್‌ ನಾಲ್ಕು ಕಾಗುಣಿತಗಳಲ್ಲಿ ನಾಲ್ವರಾಗುತ್ತಾನೆ. ನಾಲ್ವರು ಅಲಿಗಳು ಒಬ್ಬನಾಗುತ್ತಾರೆ. ಹಾಗಾಗಿ ಹುಡುಕುವವರು ಹಡಗು, ಮುಳುಗಿದ ದಿನ, ಸೆರಾಂಗ್, ಟಿಂಡಲ್, ಭಂಡಾರಿ ಎಂಬ ಹುದ್ದೆ, ತಂದೆಯ ಹೆಸರು, ಊರು ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಬೇಕಾಗುತ್ತದೆ.

ಇದು ಬರೀ ಅಕ್ಷರದ ಮಾತಲ್ಲ. ಮಣ್ಣಿನಲ್ಲಿ ಮಲಗಿದವರಿಗೆ ಕಬರ್ ಇದೆ, ನಾವು ಹೋಗಿ ಸಲಾಂ ಹೇಳುತ್ತೇವೆ. ಕಡಲಿನಲ್ಲಿ ಮಡಿದವರ ಬಗ್ಗೆ ಮನೆಯವರ ಕೈಗೆ ಉಳಿಯುವುದು ಒಂದು ಹೆಸರು ಮಾತ್ರ. ಅಲ್ಲಾಹನ ಬಳಿ ಯಾರ ಹೆಸರೂ ಅಳಿಸಿಹೋಗುವುದಿಲ್ಲ. ಅಳಿಸಿಹೋಗುವುದು ನಮ್ಮ ಕಡತಗಳಲ್ಲಿ. ಅವನ್ನು ಸರಿಪಡಿಸುವ ಹೊಣೆಯೂ ನಮ್ಮದೇ.

ನಮ್ಮಲ್ಲಿ ಯಾರ ಮನೆಯಿಂದಲಾದರೂ ಹಿರಿಯರು ಹಡಗಿನ ಕೆಲಸಕ್ಕೆ ಹೋಗಿದ್ದರೆ, ಪೆಟ್ಟಿಗೆಯಲ್ಲಿರುವ ಹಳೆಯ ಸೇವಾ ಪುಸ್ತಕ, ಮನಿಯಾರ್ಡರ್ ರಸೀದಿ, ಪತ್ರಗಳನ್ನು ಎಸೆಯದಿರೋಣ. ಅವರ ಪೂರ್ಣ ಹೆಸರು, ತಂದೆಯ ಹೆಸರು, ಊರು, ಹಡಗು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಗೆ ಕೊಡೋಣ. ಅದು ಅವರ ಅಮಾನತ್. ಕಡಲಲ್ಲಿ ಮಡಿದ ಎಲ್ಲರಿಗೂ ಅಲ್ಲಾಹನು ಮಗ್ಫಿರತ್ ನೀಡಲಿ. ಆಮೀನ್.