ಆಯುಧದ ಅಪರಾಧವೂ ಅದರ ದಂಡವೂ: ಹಲಗಲಿಯಿಂದ ಇತ್ತ

ಪ್ರೌಢಶಾಲೆಯಲ್ಲಿ ಹಲಗಲಿಯ ಬೇಡರ ಲಾವಣಿಯನ್ನು ಪಾಠ ಹೇಳುತ್ತಿದ್ದಾಗ ಬಾಲಕನೊಬ್ಬನು ಎದ್ದು ನಿಂತು, "ಗುರುಗಳೇ, ಮನೆಯಲ್ಲಿ ಆಯುಧವಿಟ್ಟುಕೊಂಡರೆ ಗಲ್ಲಿಗೇರಿಸುವುದು ಯಾವ ಕಾಯಿದೆ? ಈಗಲೂ ಹಾಗೆಯೇ ಇದೆಯೇ?" ಎಂದು ಕೇಳಿದನು. ನಾನು ಲಾವಣಿಯ ಪ್ರಾಸವನ್ನು ವಿವರಿಸುತ್ತ ಗಂಟೆಯನ್ನು ಕಳೆದೆನೇ ಹೊರತು ಉತ್ತರವನ್ನು ಕೊಡಲಿಲ್ಲ. ಕೊಡಲು ತಿಳಿದಿರಲಿಲ್ಲವೆಂಬುದೇ ನಿಜ. ವಿಶ್ರಾಂತಿ ದೊರೆತ ಮೇಲೆ ಆ ಪ್ರಶ್ನೆಯನ್ನು ಬೆನ್ನಟ್ಟಿ ಓದಿದುದರ ಫಲವನ್ನು ವಾಚಕರ ಮುಂದಿಡುತ್ತಿದ್ದೇನೆ.

ಆಯುಧಕ್ಕೆ ರಾಜಮುದ್ರೆ ಬೇಕೆಂಬುದು ಆಂಗ್ಲರು ಹೊಸದಾಗಿ ತಂದ ವಿಚಾರವಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮುದ್ರೆಯೊತ್ತಿದ ಆಯುಧಗಳನ್ನೇ ಆಯುಧಾಗಾರಕ್ಕೆ ಸೇರಿಸಬೇಕೆಂದೂ, ಅಪ್ಪಣೆಯಿಲ್ಲದೆ ಯಾರೂ ಶಸ್ತ್ರಧಾರಿಗಳಾಗಿ ಸಂಚರಿಸಕೂಡದೆಂದೂ, ಅಪ್ಪಣೆಯಿಲ್ಲದ ಸಾರ್ಥವಾಹರ ಆಯುಧಗಳನ್ನು ಗಡಿಯ ಕಾವಲುಗಾರರು ಕಸಿದುಕೊಳ್ಳಬೇಕೆಂದೂ ವಿಧಿಯುಂಟು. ಆದರೆ ಹಳ್ಳಿಹಳ್ಳಿಯನ್ನೂ ಹೊಕ್ಕು, ತಲೆಮಾರುಗಳಿಂದ ಮನೆಯ ಗೋಡೆಗೆ ತೂಗುಹಾಕಿದ್ದ ಕತ್ತಿಯನ್ನು ಕೇಳುವುದು ಬೇರೆಯ ಮಾತು. ೧೮೫೭ರ ನಿಶ್ಶಸ್ತ್ರೀಕರಣದ ಕಾಯಿದೆಯು ಇದನ್ನೇ ಮಾಡಿತು. ಉತ್ತರದೇಶದ ದಂಗೆಯಿಂದ ಬೆದರಿದ ಸರಕಾರವು ಅಲ್ಲಿನ ಭಯದಿಂದಲೇ ಇಲ್ಲಿನವರನ್ನೂ ಅಳೆಯಿತು.

ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿದರು. ಬೇಟೆಯೇ ವೃತ್ತಿಯಾದವನಿಗೆ ಆಯುಧವೆಂದರೆ ರೈತನಿಗೆ ನೇಗಿಲಿದ್ದಂತೆ. ಅದನ್ನು ಬಿಟ್ಟುಕೊಟ್ಟರೆ ಅನ್ನವೂ ಹೋಯಿತು, ಮಾನವೂ ಹೋಯಿತು. ಜಡಗ, ಬಾಲ, ಹನುಮ, ರಾಮ ಎಂಬವರು ಮುಂದಾಳುಗಳಾದರು. ೧೮೫೭ರ ನವೆಂಬರ್ ೨೯ರಂದು ದಂಡು ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರು ೨೯೦ ಮಂದಿ. ಅವರಲ್ಲಿ ಹದಿಮೂವರನ್ನು ಡಿಸೆಂಬರ್ ೧೧ರಂದು ಮುಧೋಳದಲ್ಲಿಯೂ, ಆರು ಮಂದಿಯನ್ನು ೧೪ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಮುತ್ತಿಗೆಯ ದಿನಕ್ಕೂ ಮೊದಲನೆಯ ಗಲ್ಲಿಗೂ ನಡುವೆ ಹನ್ನೆರಡೇ ದಿನ! ಆಯುಧವಿಟ್ಟುಕೊಂಡದ್ದಕ್ಕಲ್ಲ, ದಂಗೆಯೆದ್ದದ್ದಕ್ಕೆ ಮರಣದಂಡನೆಯೆಂದು ಸರಕಾರದವರು ಹೇಳಬಹುದು. ಆ ಭೇದವು ಶಾಸ್ತ್ರಕ್ಕೆ ಒಪ್ಪುವಂಥದೇ. ಆದರೂ ಆಯುಧವನ್ನೊಪ್ಪಿಸೆಂಬ ಆಜ್ಞೆಯಿಲ್ಲದಿದ್ದರೆ ಆ ಊರಲ್ಲಿ ದಂಗೆಯೂ ಇರುತ್ತಿರಲಿಲ್ಲ. ಈ ಲಾವಣಿಗಳನ್ನು ಬರೆಯಿಸಿಕೊಂಡು ೧೮೮೫ರಲ್ಲಿ ಅಚ್ಚಿಗೆ ಕೊಟ್ಟವನು ಅದೇ ಸರಕಾರದ ಅಧಿಕಾರಿಯಾದ ಫ್ಲೀಟನೆಂಬುದು ವಿಚಿತ್ರವಾಗಿದೆ.

ಇನ್ನು ಕೊಡಗಿನ ಕಡೆಗೆ ದೃಷ್ಟಿಯಿಡೋಣ. ಹಲಗಲಿಯ ಬೂದಿ ಆರಿ ನಾಲ್ಕು ವರ್ಷಗಳಾಗುವುದರೊಳಗೆ, ೧೮೬೧ರಲ್ಲಿ, ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ಕೊಡವರಿಗೆ ಆ ಕಾಯಿದೆಯಿಂದಲೇ ವಿನಾಯಿತಿ ಕೊಟ್ಟನು. ಅವರು ಸರಕಾರಕ್ಕೆ ನಿಷ್ಠರಾಗಿದ್ದರೆಂಬುದು ಕಾರಣ. ಕೈಲ್ ಮುಹೂರ್ತದಲ್ಲಿ ಪೂಜೆಗೊಳ್ಳುವ ಕೋವಿಯು ಅಂದಿನಿಂದಲೂ ಪರವಾನಗಿಯಿಲ್ಲದೆ ಆ ಮನೆಗಳಲ್ಲಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಈ ವಿನಾಯಿತಿಯನ್ನು ೨೦೨೯ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ತಳ್ಳಿಹಾಕಿತು. ಕೊಡವರ ಮೇಲೆ ನನಗೆ ಅಸೂಯೆಯಿಲ್ಲ. ಆದರೆ ಅಂದಿನ ಕಾಯಿದೆಯು ಆಯುಧವನ್ನು ನೋಡಲಿಲ್ಲ, ಹಿಡಿದ ಕೈಯನ್ನು ನೋಡಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೧೮೭೮ರ ಆಯುಧ ಕಾಯಿದೆಯಲ್ಲಿಯೂ ಈ ಭೇದವು ಉಳಿಯಿತು. ಪರವಾನಗಿಯಿಲ್ಲದೆ ಬಂದೂಕವಿಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆ, ಅಥವಾ ಜುಲ್ಮಾನೆ, ಅಥವಾ ಎರಡೂ. ಆದರೆ ಮೊಕದ್ದಮೆ ಹೂಡುವ ಮುನ್ನ ಜಿಲ್ಲಾ ದಂಡಾಧಿಕಾರಿಯ ಮಂಜೂರಾತಿ ಬೇಕೆಂಬ ರಕ್ಷೆಯು ಎಲ್ಲರಿಗೂ ಇರಲಿಲ್ಲ. ದಂಗೆಯ ತರುವಾಯ ನಿಶ್ಶಸ್ತ್ರಗೊಳಿಸಿದ್ದ ಗಂಗಾಯಮುನೆಗಳ ಉತ್ತರದ ಸೀಮೆಗೆ ಅದು ಲಭಿಸಲಿಲ್ಲ. ನದಿಯ ಈಚೆಯವನಿಗೆ ಒಂದು ನ್ಯಾಯ, ಆಚೆಯವನಿಗೆ ಇನ್ನೊಂದು. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಸಮಾನತೆಗೆ ವಿರುದ್ಧವೆಂದು ಆ ವಿಧಿಯನ್ನೇ ತೊಡೆದುಹಾಕಿತು. ಭೇದದೊಡನೆ ರಕ್ಷೆಯೂ ಹೋಯಿತು! ೧೯೫೯ರಲ್ಲಿ ರಚಿತವಾಗಿ ೧೯೬೨ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು, ಬಂದೂಕು ಮದ್ದುಗುಂಡುಗಳ ಮಟ್ಟಿಗೆ, ಆ ಮಂಜೂರಾತಿಯನ್ನು ದೇಶಕ್ಕೆಲ್ಲ ಒಂದೇ ಸಮನಾಗಿ ವಿಧಿಸಿತು.

ಈಗ ತಾಲ್ಲೂಕಿನ ನ್ಯಾಯಾಲಯದಲ್ಲಿ ನಡೆಯುವ ಕ್ರಮವನ್ನು ಹೇಳುವೆನು. ಕಾಡುಹಂದಿಯ ಕಾಟಕ್ಕೆಂದು ಒಬ್ಬ ಬೇಸಾಯಗಾರನು ನಾಡಬಂದೂಕವನ್ನು ಅಟ್ಟದ ಮೇಲಿಟ್ಟಿದ್ದನೆನ್ನಿ. ಪೊಲೀಸರು ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡು ಪಂಚನಾಮೆ ಬರೆದು ಮೊಹರು ಮಾಡುತ್ತಾರೆ. ಅದು ಗುಂಡು ಹಾರಿಸಬಲ್ಲುದೇ ಎಂಬುದನ್ನು ತಜ್ಞರು ಪರೀಕ್ಷಿಸಿ ಬರೆದು ಕೊಡುತ್ತಾರೆ. ಮಂಜೂರಾತಿಯು ಕೈಸೇರಿದ ಮೇಲೆಯೇ ಆರೋಪಪಟ್ಟಿಯ ಆಧಾರದಿಂದ ವಿಚಾರಣೆ ಮುಂದುವರಿಯತಕ್ಕದ್ದು. ಅಲ್ಲಿ ಪಂಚನು "ಖಾಲಿ ಕಾಗದಕ್ಕೆ ರುಜು ಹಾಕಿದೆ" ಎಂದುಬಿಟ್ಟರೆ, ಅಥವಾ ವಶಪಡಿಸಿಕೊಂಡ ವಸ್ತುವೇ ತಜ್ಞರ ಕೈಗೆ ಹೋದದ್ದೆಂಬ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ, ಸಂಶಯದ ಲಾಭವು ಆರೋಪಿಗೇ ಸಲ್ಲುವುದು.

ಎಲ್ಲಕ್ಕಿಂತ ಮುಖ್ಯವಾದುದು ಮನಸ್ಸಿನ ವಿಚಾರ. ವಸ್ತುವು ಒಬ್ಬನ ಮನೆಯಲ್ಲಿ ಸಿಕ್ಕಿದ ಮಾತ್ರಕ್ಕೆ ಸಾಲದು. ಅದು ತನ್ನ ಸ್ವಾಧೀನದಲ್ಲಿದೆಯೆಂಬ ಅರಿವು ಅವನಿಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೭೨ರಲ್ಲಿ ತೀರ್ಮಾನಿಸಿತು. ಕೈಯಲ್ಲಿ ಹಿಡಿದಿರಲೇಬೇಕೆಂದಲ್ಲ, ಬೇರೆಡೆಯಲ್ಲಿಟ್ಟಿದ್ದರೂ ಅದರ ಮೇಲೆ ಅವನ ಹಿಡಿತವಿದ್ದರೆ ಸ್ವಾಧೀನವೇ. ತೀರಿಹೋದ ತಾತನು ಮಗುಚಿಟ್ಟದ್ದನ್ನು ಅರಿಯದ ಮೊಮ್ಮಗನು ಮಾತ್ರ ಅಪರಾಧಿಯಾಗನು.

ಅಪರಾಧವು ಸಿದ್ಧವಾದರೆ ದಂಡವೆಷ್ಟು? ಇಂಥ ಬಂದೂಕಿಗೆ ಹಿಂದೆ ಒಂದರಿಂದ ಮೂರು ವರ್ಷಗಳ ಸೆರೆಯಿದ್ದಿತು. ೨೦೧೯ರ ತಿದ್ದುಪಡಿಯಿಂದ ಅದು ಎರಡರಿಂದ ಐದು ವರ್ಷಗಳಾಯಿತು. ಪ್ರಥಮ ದರ್ಜೆಯ ದಂಡಾಧಿಕಾರಿಯು ಮೂರು ವರ್ಷಗಳಿಗಿಂತ ಹೆಚ್ಚಿನ ಸೆರೆಯನ್ನು ವಿಧಿಸಲಾರನು. ಹೆಚ್ಚು ಬೇಕೆಂದು ತೋರಿದರೆ ಪ್ರಕರಣವನ್ನು ಮುಖ್ಯ ದಂಡಾಧಿಕಾರಿಗೆ ಒಪ್ಪಿಸಬೇಕು. ಕನಿಷ್ಠಕ್ಕಿಂತ ಕಡಿಮೆ ಕೊಡುವುದಾದರೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದಿಡಬೇಕು. ಅಪರಾಧದ ಹಿನ್ನೆಲೆ, ದೇಶಕಾಲ, ಅಪರಾಧಿಯ ಶಕ್ತಿ ಇವುಗಳನ್ನು ತೂಗಿ ದಂಡಿಸಬೇಕೆಂದು ಮನುವೂ ಹೇಳಿದ್ದಾನೆ. ಆ ತೂಗುವಿಕೆಗೆ ಈಗ ಕನಿಷ್ಠವೆಂಬ ಗೋಡೆಯೊಂದು ಅಡ್ಡವಾಗಿದ್ದು, ವಿಶೇಷ ಕಾರಣವೆಂಬುದೊಂದೇ ಅದರಲ್ಲಿರುವ ಕಿಂಡಿ. ಹಂದಿಗಾಗಿ ಬಂದೂಕವಿಟ್ಟವನನ್ನೂ ದರೋಡೆಗಾಗಿ ಇಟ್ಟವನನ್ನೂ ಒಂದೇ ಕನಿಷ್ಠದಿಂದ ಅಳೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಬಾಲಕನ ಪ್ರಶ್ನೆಗೆ ಇನ್ನೊಂದು ಮಾತು ಬಾಕಿಯಿದೆ. ನಿಷಿದ್ಧ ಆಯುಧದ ಪ್ರಯೋಗದಿಂದ ಮರಣವುಂಟಾದರೆ ಗಲ್ಲಲ್ಲದೆ ಬೇರೆ ಶಿಕ್ಷೆಯೇ ಇಲ್ಲವೆಂಬ ವಿಧಿಯು ಸ್ವತಂತ್ರ ಭಾರತದ ಆಯುಧ ಕಾಯಿದೆಯಲ್ಲಿಯೂ ಕೆಲಕಾಲ ಇದ್ದಿತು. ನ್ಯಾಯಾಧೀಶನ ವಿವೇಚನೆಗೆ ಎಡೆಯನ್ನೇ ಕೊಡದ ಆ ವಿಧಿಯು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿದ್ದು ೨೦೧೨ರಲ್ಲಿ.